ಜರ್ಮನಿಗೆ ಪೋಸ್ಟಿಂಗ್ ಬಂದಾಗ: ಕ್ವಾರ್ಟರ್ಸಾ, ಬಾಡಿಗೆ ಮನೆಯಾ, ಮೋಟರ್‌ಹೋಮಾ?

"ಅಕ್ಕಾ, ಜರ್ಮನಿಗೆ ಆರ್ಡರ್ ಬಂದಿದೆ. ಮೂರು ವರ್ಷ. ಬಾಡಿಗೆ ಮನೆ ಯಾಕೆ, ಒಂದು ಮೋಟರ್‌ಹೋಮ್ ತಗೊಂಡು ಅದರಲ್ಲೇ ಇದ್ದುಬಿಟ್ಟರೆ ಹೇಗೆ? ದುಡ್ಡೂ ಉಳಿಯುತ್ತೆ, ಯುರೋಪೂ ನೋಡಿದ ಹಾಗಾಗುತ್ತೆ."

ಅಮೆರಿಕದ ಸೇನೆಯಲ್ಲಿರುವ ನಮ್ಮ ಕನ್ನಡದ ಹುಡುಗರು, ಅವರ ಮನೆಯವರು ನನಗೆ ಬರೆದಾಗಲೆಲ್ಲ ಸುತ್ತಿ ಬಳಸಿ ಈ ಪ್ರಶ್ನೆಗೇ ಬರುತ್ತಾರೆ. ನಾವೂ ಹೀಗೇ ಯೋಚಿಸಿದವರು. ನನ್ನ ಗಂಡನಿಗೆ ಕೈಸರ್ಸ್‌ಲೌಟರ್ನ್ ಕಡೆಗೆ ಪೋಸ್ಟಿಂಗ್ ಆದಾಗ ಮೊದಲ ಹನ್ನೊಂದು ತಿಂಗಳು ಮೋಟರ್‌ಹೋಮ್‌ನಲ್ಲಿ, ಅಂದರೆ ಒಳಗೇ ಹಾಸಿಗೆ, ಅಡುಗೆ ಜಾಗ, ಟಾಯ್ಲೆಟ್ ಎಲ್ಲ ಇರುವ ಗಾಡಿಯಲ್ಲಿ ಕಳೆದೆವು. ಆಮೇಲೆ ಅಲ್ಲೇ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಎರಡನ್ನೂ ಕಂಡಿರುವುದರಿಂದ, ಬೇಸ್ (ಸೇನಾ ನೆಲೆ) ಕ್ವಾರ್ಟರ್ಸ್‌ನಲ್ಲಿದ್ದ ಗೆಳತಿಯರ ಮನೆಗಳನ್ನೂ ಹತ್ತಿರದಿಂದ ನೋಡಿರುವುದರಿಂದ, ಹೋಲಿಸಿ ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಇಲ್ಲಿ ಹೇಳುವುದೆಲ್ಲ ಜರ್ಮನಿಯ ಮಾತು. ರಾಮ್‌ಸ್ಟೈನ್, ಲಾಂಡ್‌ಸ್ಟೂಲ್, ಫೋಗೆಲ್‌ವೇ, ಸೆಂಬಾಕ್ ಎಲ್ಲ ಸೇರಿದ ಕೈಸರ್ಸ್‌ಲೌಟರ್ನ್ ಸುತ್ತಮುತ್ತ ಅಮೆರಿಕದ ಹೊರಗೆ ಇರುವ ಅತಿ ದೊಡ್ಡ ಅಮೆರಿಕನ್ ಸಮುದಾಯ ಇದೆ. ಗ್ರಾಫೆನ್‌ವೋರ್, ಫಿಲ್ಸೆಕ್, ಸ್ಟುಟ್‌ಗಾರ್ಟ್ ಕಡೆಗೂ ಇದೇ ಲೆಕ್ಕ ಹೊಂದುತ್ತದೆ. ಆದರೆ ಗ್ರಾಫೆನ್‌ವೋರ್ ಕಡೆ ಚಳಿ ಇನ್ನೂ ಜಾಸ್ತಿ.

ಮೊದಲು ಈ ಆರು ವಿಷಯ ನೋಡಿ

ಯಾವ ಗಾಡಿ, ಯಾವ ಮನೆ ಅಂತ ಹುಡುಕುವುದು ಆಮೇಲೆ. ಮೊದಲು ಆರು ಪ್ರಶ್ನೆ. ನಿಮಗೆ ಬೇಸ್ ಹೊರಗೆ ಇರಲು ಅನುಮತಿ ಇದೆಯಾ? ಮನೆ ಭತ್ಯೆ ನಿಮ್ಮ ಆಯ್ಕೆಗೆ ಹೇಗೆ ಲೆಕ್ಕ ಹಾಕುತ್ತಾರೆ? ಚಳಿಗಾಲ ದಾಟಬಲ್ಲಿರಾ? ಜೊತೆಯಲ್ಲಿ ಯಾರಿದ್ದಾರೆ? ನಿಮ್ಮ ಡ್ಯೂಟಿ ಎಂಥದ್ದು, ಅಂದರೆ ವಾರಗಟ್ಟಲೆ ಹೊರಗೆ ಹೋಗುವಂಥದ್ದಾ? ಕೊನೆಯದು, ಮೂರು ವರ್ಷ ಮುಗಿದಾಗ ಕೈಗೆ ಏನು ವಾಪಸ್ ಬರುತ್ತದೆ?

ಎಲ್ಲಕ್ಕಿಂತ ಮುಖ್ಯ ಎರಡನೆಯದು. ಹೆಚ್ಚಿನವರು ಎಡವುವುದೂ ಅಲ್ಲೇ.

ಅಮೆರಿಕದೊಳಗೆ ಇದ್ದಾಗ ಸಿಗುವ ಮನೆ ಭತ್ಯೆಯ ಹೆಸರು ಬಿಎಎಚ್. ಅದು ನಿಗದಿತ ಮೊತ್ತ. ಎರಡು ಸಾವಿರ ಡಾಲರ್ ಬಂದು, ನೀವು ಒಂಬೈನೂರರಲ್ಲಿ ಬದುಕಿದರೆ ಉಳಿದದ್ದು ನಿಮ್ಮದೇ. ಅದಕ್ಕೇ ಅಲ್ಲಿ ಎಷ್ಟೋ ಸೈನಿಕರು ಮೋಟರ್‌ಹೋಮ್‌ನಲ್ಲಿದ್ದು ಸಾಲ ತೀರಿಸಿಕೊಳ್ಳುತ್ತಾರೆ. ಹೊರದೇಶದಲ್ಲಿ ಸಿಗುವ ಮನೆ ಭತ್ಯೆ ಒಎಚ್‌ಎ. ಇದರ ನಡೆಯೇ ಬೇರೆ. ನಿಮ್ಮ ರ‍್ಯಾಂಕ್, ಊರು, ಕುಟುಂಬ ಇದೆಯೋ ಇಲ್ಲವೋ ನೋಡಿ ಒಂದು ಗರಿಷ್ಠ ಮಿತಿ ಇಡುತ್ತಾರೆ. ಆ ಮಿತಿಯೊಳಗೆ ನೀವು ನಿಜವಾಗಿ ಎಷ್ಟು ಬಾಡಿಗೆ ಕೊಡುತ್ತೀರೋ ಅಷ್ಟೇ ಕೊಡುತ್ತಾರೆ. ಕಡಿಮೆ ಬಾಡಿಗೆಗೆ ಹೋದರೆ ಭತ್ಯೆಯೂ ಕಡಿಮೆ. ಕರೆಂಟು, ನೀರು, ಹೀಟಿಂಗ್‌ಗೆ ಬೇರೆಯಾಗಿ ಒಂದು ನಿಗದಿತ ಮೊತ್ತ ಸೇರಿಸುತ್ತಾರೆ. ಹೊಸ ಮನೆಗೆ ಕಾಲಿಡುವಾಗ ಒಂದು ಸಲದ ಖರ್ಚಿಗೂ ಸ್ವಲ್ಪ ಸಿಗುತ್ತದೆ.

ಅಂದರೆ "ಮೋಟರ್‌ಹೋಮ್‌ನಲ್ಲಿದ್ದು ಬಾಡಿಗೆ ಉಳಿಸುತ್ತೇವೆ" ಅನ್ನುವ ಮಾತು ಜರ್ಮನಿಯಲ್ಲಿ ನಿಲ್ಲುವುದಿಲ್ಲ. ಆ ಬಾಡಿಗೆಯನ್ನು ಸರ್ಕಾರವೇ ಕೊಡುತ್ತಿತ್ತಲ್ವಾ? ನೀವು ಉಳಿಸಿದ್ದು ಸರ್ಕಾರದ ದುಡ್ಡನ್ನು. ಗಾಡಿಗೆ ಹಾಕುವುದು ಮಾತ್ರ ನಿಮ್ಮ ದುಡ್ಡು.

ಹೊರದೇಶದಲ್ಲಿ ಸ್ವಂತಕ್ಕೆ ಮನೆ ಕೊಂಡ ಸೈನಿಕರಿಗೆ ಒಂದು ಲೆಕ್ಕ ಇದೆ. ಕೊಂಡ ಬೆಲೆಯನ್ನು 120ರಿಂದ ಭಾಗಿಸಿ, ಬಂದದ್ದನ್ನು ತಿಂಗಳ ಬಾಡಿಗೆ ಅಂತ ಹಿಡಿಯುತ್ತಾರೆ. 48,000 ಡಾಲರಿಗೆ ಕೊಂಡಿದ್ದರೆ ತಿಂಗಳಿಗೆ 400. ಮೋಟರ್‌ಹೋಮ್‌ಗೆ ನಿಮ್ಮ ಬೇಸ್‌ನಲ್ಲಿ ಯಾವ ಲೆಕ್ಕ ಹಿಡಿಯುತ್ತಾರೆ, ಕ್ಯಾಂಪ್‌ಸೈಟ್ (ಇಂಥ ಗಾಡಿ ನಿಲ್ಲಿಸಿ ತಂಗುವ ಜಾಗ) ಬಾಡಿಗೆ ಸೇರುತ್ತದಾ ಅಂತ ಹೌಸಿಂಗ್ ಆಫೀಸಿನಿಂದ ಬರಹದಲ್ಲಿ ಉತ್ತರ ಪಡೆಯಿರಿ. ಬಾಯಿಮಾತು ಬೇಡ. ನಮಗೆ ಮೊದಲು ಕೌಂಟರ್‌ನಲ್ಲಿ ಕೂತವರೊಬ್ಬರು "ಆಗುತ್ತೆ" ಅಂದಿದ್ದರು. ಗಾಡಿ ಕೊಂಡ ಮೇಲೆ ಇನ್ನೊಬ್ಬರು ಕಾಗದ ಕೇಳಿದರು. ಆ ಆರು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಅನುಮತಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವಾಯುಸೇನೆಯಲ್ಲಿ ಮದುವೆಯಾಗದ ಇ-1ರಿಂದ ಇ-3 ವರೆಗಿನ ಕೆಳಗಿನ ರ‍್ಯಾಂಕ್‌ನವರು, ಮೂರು ವರ್ಷ ಸೇವೆ ಆಗದ ಇ-4ಗಳು ಬೇಸ್‌ನ ಹಾಸ್ಟೆಲ್‌ನಂಥ ಡಾರ್ಮ್‌ನಲ್ಲೇ ಇರಬೇಕು. ಭೂಸೇನೆಯಲ್ಲೂ ಕೆಳಗಿನ ರ‍್ಯಾಂಕ್‌ನ ಒಂಟಿ ಸೈನಿಕರಿಗೆ ಬ್ಯಾರಕ್ಸೇ. ನೀವು ಈ ಗುಂಪಿನವರಾದರೆ ಸದ್ಯಕ್ಕೆ ಕೊನೆಯ ಕಡೆ ಸಣ್ಣ ವ್ಯಾನ್ ಬಗ್ಗೆ ಬರೆದ ಭಾಗ ಮಾತ್ರ ಓದಿಕೊಳ್ಳಿ. ಕುಟುಂಬದವರಿಗೂ ಕೆಲವು ಬೇಸ್‌ಗಳಲ್ಲಿ ಕ್ವಾರ್ಟರ್ಸ್ ಖಾಲಿ ಇದ್ದರೆ ಅದನ್ನೇ ತಗೋಬೇಕು ಅಂತ ನಿಯಮ ಇರುತ್ತದೆ.

ಬೇಸ್ ಕ್ವಾರ್ಟರ್ಸ್

ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ. ಬದಲಿಗೆ ಒಎಚ್‌ಎ ಬರುವುದಿಲ್ಲ. ಶಾಲೆ, ಆಸ್ಪತ್ರೆ, ಕಮಿಸರಿ (ಬೇಸ್‌ನ ದಿನಸಿ ಅಂಗಡಿ) ಎಲ್ಲ ಹತ್ತಿರ. ಗಂಡನೋ ಹೆಂಡತಿಯೋ ತಿಂಗಳುಗಟ್ಟಲೆ ಡಿಪ್ಲಾಯ್‌ಮೆಂಟ್‌ಗೆ ಹೋಗುವ ಮನೆಯಾದರೆ, ಸಣ್ಣ ಮಕ್ಕಳಿದ್ದರೆ, ಇದಕ್ಕೆ ಸಮ ಬೇರೆ ಇಲ್ಲ. ರಾತ್ರಿ ಮಗುವಿಗೆ ಜ್ವರ ಬಂದರೆ ಬಾಗಿಲು ತಟ್ಟಲು ಪಕ್ಕದಲ್ಲಿ ಜನ ಇರುತ್ತಾರೆ.

ಕೊರತೆ ಎಂದರೆ ನೀವು ಜರ್ಮನಿಯಲ್ಲಿದ್ದೀರಿ ಅನ್ನುವುದೇ ಮರೆತುಹೋಗುತ್ತದೆ. ಮೂರು ವರ್ಷ ಇದ್ದು ಹತ್ತು ಜರ್ಮನ್ ಮಾತು ಕಲಿಯದೆ ವಾಪಸ್ ಹೋದ ಕುಟುಂಬಗಳನ್ನು ನಾನು ಬಲ್ಲೆ. ಅದು ಅವರ ತಪ್ಪಲ್ಲ. ಅಲ್ಲಿನ ದಿನಚರಿಯೇ ಹಾಗಿರುತ್ತದೆ.

ಹಳ್ಳಿಯಲ್ಲಿ ಬಾಡಿಗೆ ಮನೆ

ವೈಲರ್‌ಬಾಕ್, ಲಾಂಡ್‌ಸ್ಟೂಲ್, ರಾಮ್‌ಸ್ಟೈನ್-ಮೀಸೆನ್‌ಬಾಕ್ ಹೀಗೆ ಬೇಸ್ ಸುತ್ತಲಿನ ಊರುಗಳಲ್ಲಿ ಅಮೆರಿಕನ್ನರಿಗೆ ಬಾಡಿಗೆ ಕೊಟ್ಟು ರೂಢಿ ಇರುವ ಮನೆಮಾಲೀಕರು ಬೇಕಾದಷ್ಟು ಜನ. ಜರ್ಮನಿಯಲ್ಲಿ ಬಾಡಿಗೆ ಎರಡು ಬಗೆ. ಬರೀ ಮನೆಯದ್ದು 'ಕಾಲ್ಟ್‌ಮೀಟೆ'. ಹೀಟಿಂಗ್, ನೀರು ಎಲ್ಲ ಸೇರಿಸಿದ್ದು 'ವಾರ್ಮ್‌ಮೀಟೆ'. ಜಾಹೀರಾತಿನಲ್ಲಿ ಯಾವುದು ಬರೆದಿದೆ ನೋಡಿಕೊಳ್ಳಿ. ಅಡ್ವಾನ್ಸ್ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವಂತಿಲ್ಲ. ಅದಕ್ಕೆ ಸೇನೆಯಿಂದ ಮುಂಗಡ ಪಡೆಯಬಹುದು.

ಗೋಡೆ ಕಪಾಟು ಇರುವುದಿಲ್ಲ. ಕೆಲವು ಮನೆಗಳಲ್ಲಿ ಅಡುಗೆಮನೆಯೇ ಖಾಲಿ, ಸಿಂಕ್ ಕೂಡ ಇಲ್ಲ. ಹೆದರಬೇಡಿ. ಫ್ರಿಜ್, ವಾಷಿಂಗ್ ಮಷೀನ್, ಬಟ್ಟೆ ಕಪಾಟು, ಟ್ರಾನ್ಸ್‌ಫಾರ್ಮರ್ ಎಲ್ಲವನ್ನೂ ಸೇನೆಯವರು ಪೋಸ್ಟಿಂಗ್ ಮುಗಿಯುವವರೆಗೆ ಎರವಲು ಕೊಡುತ್ತಾರೆ. ಕರೆಂಟ್, ಗ್ಯಾಸ್ ಬಿಲ್‌ನ 19% ತೆರಿಗೆ ತಪ್ಪಿಸುವ ಯೋಜನೆಗೂ ಹೆಸರು ಕೊಡಿ. ವರ್ಷದ ಕೊನೆಗೆ ಅದು ಸಣ್ಣ ಮೊತ್ತವಲ್ಲ.

ದುಡ್ಡಿನ ಲೆಕ್ಕದಲ್ಲಿ ಗೆಲ್ಲುವುದು ಇದೇ. ನಮ್ಮ ಮನೆ ಬಾಡಿಗೆ 1,400 ಯೂರೋ ಇತ್ತು. ಪೂರ್ತಿ ಒಎಚ್‌ಎ ಮಿತಿಯೊಳಗೆ. ನಮ್ಮ ಕೈಯಿಂದ ಬಾಡಿಗೆಗೆ ಒಂದು ಯೂರೋ ಹೋಗಲಿಲ್ಲ.

ಮೋಟರ್‌ಹೋಮ್: ಅಮೆರಿಕದಿಂದ ತರುವುದಾ?

ಈಗಾಗಲೇ ಟೆಕ್ಸಾಸ್‌ನಲ್ಲೋ ಕೊಲೊರಾಡೊದಲ್ಲೋ ಮೋಟರ್‌ಹೋಮ್ ಇರುವವರಿಗೆ ಅದನ್ನೇ ಹಡಗಿಗೆ ಹಾಕುವ ಆಸೆ. ಸರ್ಕಾರ ಒಂದು ವಾಹನವನ್ನು ತನ್ನ ಖರ್ಚಿನಲ್ಲಿ ಕಳಿಸುತ್ತದೆ, ನಿಜ. ಆದರೆ ಅದರ ಅಳತೆಗೆ 20 ಮೆಷರ್‌ಮೆಂಟ್ ಟನ್ ಮಿತಿ ಇದೆ. ಅಂದರೆ 800 ಘನ ಅಡಿ. 25 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಸಾಧಾರಣ ಮೋಟರ್‌ಹೋಮ್ ಗುಣಿಸಿ ನೋಡಿ. 2,000 ಘನ ಅಡಿ! ಮಿತಿ ಮೀರಿದ ಅಷ್ಟೂ ಭಾಗಕ್ಕೆ ಖರ್ಚು ನಿಮ್ಮದು. ಅದನ್ನು ಕಳಿಸಿದರೆ ಕಾರಿಗೆ ಸಿಗುವ ಅವಕಾಶವೂ ಹೋಯಿತು.

ಹೇಗೋ ತಂದಿರಿ ಅನ್ನಿ. ಅಮೆರಿಕದ ದೊಡ್ಡ ಗಾಡಿಗಳು 102 ಇಂಚು, ಅಂದರೆ 2.59 ಮೀಟರ್ ಅಗಲ. ಯುರೋಪಿನ ಮಿತಿ 2.55. ತೂಕ 3.5 ಟನ್ ದಾಟಿದ, 7.5 ಟನ್ ವರೆಗಿನ ಗಾಡಿಗೆ ಆಟೋಬಾನ್‌ನಲ್ಲಿ (ಜರ್ಮನಿಯ ಹೆದ್ದಾರಿ) 100 ಕಿಲೋಮೀಟರ್ ವೇಗದ ಮಿತಿ, ಲಾರಿಗಳಿಗೆ ಹಾಕಿದ ಓವರ್‌ಟೇಕ್ ನಿಷೇಧ ನಿಮಗೂ ಅನ್ವಯ. ಆಸ್ಟ್ರಿಯಾಕ್ಕೆ ಹೋದರೆ ಟೋಲ್ ಸ್ಟಿಕ್ಕರ್ ಸಾಲದು, ಕಿಲೋಮೀಟರ್ ಲೆಕ್ಕದ ಟೋಲ್ ಪೆಟ್ಟಿಗೆ ಇಡಬೇಕು. ಒಳಗಿನ ಕರೆಂಟ್ 120 ವೋಲ್ಟ್, ಹೊರಗಿನದ್ದು 230. ಗ್ಯಾಸ್ ಟ್ಯಾಂಕಿನ ಬಾಯಿ ಇಲ್ಲಿನ ಯಾವ ಪಂಪಿಗೂ ನೇರ ಕೂರುವುದಿಲ್ಲ. ಕೊಳಕು ನೀರಿನ ದಪ್ಪ ಪೈಪ್ ಹಾಕಲು ಇಲ್ಲಿನ ಕ್ಯಾಂಪ್‌ಸೈಟ್‌ಗಳಲ್ಲಿ ಪ್ರತಿ ಜಾಗಕ್ಕೂ ಚರಂಡಿ ಇರುವುದಿಲ್ಲ. ಯುರೋಪಿನಲ್ಲಿ ಟಾಯ್ಲೆಟ್ ಕೆಳಗಿನ ಪೆಟ್ಟಿಗೆ, ಅಂದರೆ ಕ್ಯಾಸೆಟ್, ಎಳೆದುಕೊಂಡು ಹೋಗಿ ಖಾಲಿ ಮಾಡುವ ಪದ್ಧತಿ.

ಇನ್ನೊಂದು ವಿಷಯವನ್ನು ಹಗುರವಾಗಿ ತಗೋಬೇಡಿ. ಜರ್ಮನಿಯಲ್ಲಿ ಅಮೆರಿಕದ ಸೈನಿಕರ ಕಾರುಗಳಿಗೆ ಜರ್ಮನ್ ಫಲಕದ ಹಾಗೇ ಕಾಣುವ ನಂಬರ್ ಪ್ಲೇಟ್ ಕೊಡುವುದು ಭದ್ರತೆಗಾಗಿ, ಜನರ ನಡುವೆ ಎದ್ದು ಕಾಣಬಾರದು ಅಂತ. ಮೂವತ್ತು ಅಡಿಯ ಅಮೆರಿಕನ್ ಮೋಟರ್‌ಹೋಮ್ ಹಳ್ಳಿ ಪಕ್ಕದಲ್ಲಿ ನಿಂತರೆ ಆ ಉದ್ದೇಶವೇ ಹೋಯಿತು. ಅಮೆರಿಕದಲ್ಲಿದ್ದ ಗಾಡಿಯನ್ನು ಅಲ್ಲೇ ಮಾರಿ ಬನ್ನಿ, ಇಲ್ಲವೇ ಅಲ್ಲೇ ಇಟ್ಟು ಬನ್ನಿ. ಈ ಒಂದು ವಿಷಯದಲ್ಲಿ ನನಗೆ ಎರಡನೇ ಅಭಿಪ್ರಾಯ ಇಲ್ಲ.

ಮೋಟರ್‌ಹೋಮ್: ಜರ್ಮನಿಯಲ್ಲೇ ಕೊಳ್ಳುವುದಾ?

ಇದು ನಿಜವಾಗಿ ಯೋಚಿಸಬೇಕಾದ ಆಯ್ಕೆ. ಫಿಯಟ್ ಡುಕಾಟೊ ಚಾಸಿಯ ಮೇಲೆ ಕಟ್ಟಿದ ಹತ್ತು ಹದಿನೈದು ವರ್ಷ ಹಳೆಯ ಗಾಡಿ 30ರಿಂದ 50 ಸಾವಿರ ಯೂರೋಗೆ ಸಿಗುತ್ತದೆ. ನಾವು 34,000 ಕೊಟ್ಟೆವು.

ಕೊಳ್ಳುವ ಮುಂಚೆ ಬೇರೆಲ್ಲಕ್ಕಿಂತ ಮೊದಲು ಒದ್ದೆ ನೋಡಿ. ಹಳೆಯ ಗಾಡಿಗಳ ಗೋಡೆಯೊಳಗೆ ಮರದ ಚೌಕಟ್ಟು ಇರುತ್ತದೆ. ಕಿಟಕಿ ಅಂಚಿನಿಂದ, ಮೇಲ್ಛಾವಣಿ ಮೂಲೆಯಿಂದ ನೀರು ಇಳಿದರೆ ಒಳಗೊಳಗೇ ಕೊಳೆಯುತ್ತದೆ. ಹೊರಗೆ ಪೇಂಟ್ ಮಿರಿಮಿರಿ. ನಾವು ನೋಡಿದ ಎರಡನೇ ಗಾಡಿ ಹೀಗೇ ಇತ್ತು. ಮಾರುವವರು ಎಂಜಿನ್ ಸದ್ದು ಕೇಳಿಸಿದರು, ಹೊಸ ಟೈರ್ ತೋರಿಸಿದರು. ನಾನು ಹಿಂದಿನ ಹಾಸಿಗೆ ಎತ್ತಿ, ಮೂಲೆಯಲ್ಲಿ ಹೆಬ್ಬೆರಳು ಒತ್ತಿದೆ. ನೆನೆದ ಬಿಸ್ಕತ್ತಿನ ಹಾಗೆ ಒಳಗೆ ಹೋಯಿತು. ಅವರಿಗೆ ಗೊತ್ತಿತ್ತು, ಹೇಳಲಿಲ್ಲ. ತೇವ ಅಳೆಯುವ ಸಣ್ಣ ಮೀಟರ್ ಕೈಯಲ್ಲಿ ಇಟ್ಟುಕೊಂಡು ಹೋಗಿ. ಪ್ರತಿ ವರ್ಷ ಸೋರಿಕೆ ಪರೀಕ್ಷೆ ಮಾಡಿಸಿದ ಪುಸ್ತಕ ಇದ್ದರೆ ಕೇಳಿ ನೋಡಿ.

ಎರಡನೆಯದು ತೂಕ. ಸಾಧಾರಣ ಕಾರ್ ಲೈಸೆನ್ಸ್‌ನಲ್ಲಿ ನಿಶ್ಚಿಂತೆಯಿಂದ ಓಡಿಸಲು ಒಟ್ಟು 3.5 ಟನ್ ಒಳಗೆ ಇರುವ ಗಾಡಿ ನೋಡಿಕೊಳ್ಳಿ. ಎಷ್ಟೋ ಗಾಡಿಗಳು ಖಾಲಿ ಇದ್ದಾಗಲೇ ಮೂರು ಟನ್ ಹತ್ತಿರ. ನೂರು ಲೀಟರ್ ನೀರು ತುಂಬಿದರೆ ನೂರು ಕೆಜಿ. ಎರಡು ಸಿಲಿಂಡರ್, ನಾಲ್ಕು ಜನ, ಬಟ್ಟೆ, ಯೂನಿಫಾರ್ಮ್ ಪೆಟ್ಟಿಗೆ, 20 ಕೆಜಿ ಅಕ್ಕಿ ಮೂಟೆ, ಕುಕ್ಕರ್, ಸ್ಟೀಲ್ ಡಬ್ಬಿಗಳು. ನಾವು ಒಂದು ತೂಕದ ಕಟ್ಟೆಯಲ್ಲಿ ನಿಲ್ಲಿಸಿ ನೋಡಿದಾಗ 90 ಕೆಜಿ ಜಾಸ್ತಿ ಇತ್ತು. ಅಮ್ಮ ಕೊಟ್ಟಿದ್ದ ಗ್ರೈಂಡರ್‌ನ ಕಲ್ಲು ಅವತ್ತೇ ಗೆಳತಿಯ ಮನೆಗೆ ಹೋಯಿತು.

ನಮ್ಮವರಿಗೆ ಒಂದು ಖುಷಿಯ ವಿಷಯ ಇದೆ. ಜರ್ಮನಿಯ ಕರೆಂಟ್ ನಮ್ಮ ಊರಿನದ್ದೇ ಬಗೆ, 230 ವೋಲ್ಟ್, 50 ಹರ್ಟ್ಜ್. ಮೈಸೂರಿನಿಂದ ತಂದ ಮಿಕ್ಸಿ ಒಂದು ಪ್ಲಗ್ ಅಡಾಪ್ಟರ್ ಹಾಕಿದರೆ ಓಡುತ್ತದೆ. ಆದರೆ ಕ್ಯಾಂಪ್‌ಸೈಟ್‌ನ ಕಂಬದಲ್ಲಿ ಎಷ್ಟು ಆಂಪ್ ಕೊಡುತ್ತಾರೆ ಕೇಳಿ. 6 ಆಂಪ್ ಆದರೆ ಒಟ್ಟು 1,380 ವ್ಯಾಟ್. ಮಿಕ್ಸಿ ಓಡುತ್ತೆ. ಮಿಕ್ಸಿ ಜೊತೆ ಎಲೆಕ್ಟ್ರಿಕ್ ಕೆಟಲ್ ಹಾಕಿದಿರೋ, ಕತ್ತಲು. ಫ್ಯೂಸ್ ಪೆಟ್ಟಿಗೆಯ ಬೀಗದ ಕೀ ಆಫೀಸಿನಲ್ಲಿ, ಆಫೀಸು ಬೆಳಗ್ಗೆ ಒಂಬತ್ತಕ್ಕೆ. 16 ಆಂಪ್ ಕೊಡುವ ಜಾಗ ಹುಡುಕಿ.

ಎಲ್ಲಿ ನಿಲ್ಲಿಸುತ್ತೀರಿ?

ಈ ಪ್ರಶ್ನೆಗೆ ಉತ್ತರ ಸಿಗದೆ ಗಾಡಿ ಕೊಳ್ಳಬೇಡಿ. ಜರ್ಮನಿಯಲ್ಲಿ ರಸ್ತೆ ಬದಿ ಗಾಡಿ ನಿಲ್ಲಿಸಿ ಒಂದು ರಾತ್ರಿ ಮಲಗಬಹುದು. ಅದು ದಣಿವು ಕಳೆದು ಮುಂದೆ ಓಡಿಸಲು ಮಾತ್ರ. ಮೇಜು ಕುರ್ಚಿ ಹೊರಗೆ ಹಾಕಿದರೆ ಅದು ಕ್ಯಾಂಪಿಂಗ್ ಆಗುತ್ತದೆ. ಬೇಸ್ ಒಳಗಿನ ಪಾರ್ಕಿಂಗ್ ಜಾಗ ವಾಸಕ್ಕಲ್ಲ. ಗಾರ್ಮಿಶ್‌ನಲ್ಲಿ ಸೈನಿಕರಿಗಾಗಿಯೇ ಇರುವ ಎಡೆಲ್‌ವೈಸ್ ರೆಸಾರ್ಟ್ ಆಲ್ಪ್ಸ್ ಬುಡದಲ್ಲಿ ರಜೆ ಕಳೆಯಲು ಚೆನ್ನ. ರಾಮ್‌ಸ್ಟೈನ್‌ನಿಂದ ಅದು ನಾಲ್ಕೈದು ಗಂಟೆ ದಾರಿ. ಡ್ಯೂಟಿ ಮಾಡಲು ಆಗದು.

ಉಳಿಯುವುದು ಖಾಸಗಿ ಕ್ಯಾಂಪ್‌ಸೈಟ್. ಜರ್ಮನ್ ಕಟ್ಟಡ ಕಾನೂನು ಕ್ಯಾಂಪ್‌ಸೈಟ್‌ಗಳನ್ನು ವಿಹಾರದ ಜಾಗ ಅಂತ ನೋಡುತ್ತದೆ, ಕಾಯಂ ವಾಸದ ಜಾಗ ಅಂತ ಅಲ್ಲ. ನೇಟೋ ಒಪ್ಪಂದದಡಿ ಬಂದ ಸೈನಿಕರು, ಅವರ ಕುಟುಂಬದವರು ಜರ್ಮನ್ನರ ಹಾಗೆ ಟೌನ್ ಹಾಲ್‌ನಲ್ಲಿ ವಿಳಾಸ ನೋಂದಾಯಿಸಬೇಕಿಲ್ಲ, ಅಂಚೆಗೆ ಮಿಲಿಟರಿ ಪೋಸ್ಟ್ ಬಾಕ್ಸ್ ಇದ್ದೇ ಇದೆ. ಹಾಗಾಗಿ ವಿಳಾಸದ ತಲೆನೋವು ನಮಗೆ ಕಡಿಮೆ. ಆದರೆ ಕ್ಯಾಂಪ್‌ಸೈಟ್‌ನವರು "ತಿಂಗಳುಗಟ್ಟಲೆ ಬೇಡ" ಅಂದರೆ ಮುಗಿಯಿತು. ನಾವು ಫೋನ್ ಮಾಡಿದ ಒಂಬತ್ತು ಜಾಗಗಳಲ್ಲಿ ಏಳು ಕಡೆ ಅಕ್ಟೋಬರ್ ಕೊನೆಗೇ ಗೇಟ್ ಮುಚ್ಚುತ್ತಿದ್ದರು. ವರ್ಷವಿಡೀ ತೆರೆದಿದ್ದ ಎರಡರಲ್ಲಿ ಒಂದು ಕಡೆ ಒಪ್ಪಿದರು. ತಿಂಗಳಿಗೆ 480 ಯೂರೋ, ಕರೆಂಟ್ ಮೀಟರ್ ಬೇರೆ.

ಚಳಿಗಾಲ

ಇಲ್ಲಿ ನಿಧಾನವಾಗಿ ಓದಿ. ಮೇ ತಿಂಗಳಲ್ಲಿ ಮೋಟರ್‌ಹೋಮ್ ಯಾರಿಗಾದರೂ ಹಿಡಿಸುತ್ತದೆ. ತೀರ್ಮಾನ ಮಾಡಬೇಕಾದದ್ದು ಜನವರಿಯನ್ನು ನೆನೆದು.

ಡಿಸೆಂಬರ್‌ನಲ್ಲಿ ಬೆಳಗ್ಗೆ ಎಂಟು ದಾಟಿದ ಮೇಲೆ ಬೆಳಕು. ಸಂಜೆ ನಾಲ್ಕೂವರೆಗೆ ಕತ್ತಲು. ಗಂಡ ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು. ನಡುವಿನ ಎಂಟು ಗಂಟೆ ಮನೆಯಲ್ಲಿರುವವರು ಏಳು ಮೀಟರ್ ಉದ್ದದ ಡಬ್ಬಿಯೊಳಗೆ.

ಹೀಟಿಂಗ್ ಹೆಚ್ಚಾಗಿ ಗ್ಯಾಸ್‌ನಲ್ಲಿ. ಜರ್ಮನಿಯ ಬೂದು ಬಣ್ಣದ 11 ಕೆಜಿ ಸಿಲಿಂಡರ್ ಬೇಸಿಗೆಯಲ್ಲಿ ಅಡುಗೆಗೆ ವಾರಗಟ್ಟಲೆ ಬರುತ್ತದೆ. ಹಿಮ ಬೀಳುವ ದಿನಗಳಲ್ಲಿ ನಾಲ್ಕು ದಿನ, ಹೆಚ್ಚೆಂದರೆ ಐದು. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಅದಕ್ಕೆ ಚಳಿಗಾಲದಲ್ಲಿ ಬರೀ ಪ್ರೊಪೇನ್ ತಗೊಳ್ಳಿ. ನಮ್ಮ ಹಳೆ ಗಾಡಿಗೆ ಜನವರಿಯಲ್ಲಿ ಏಳು ಸಿಲಿಂಡರ್ ಹಿಡಿಯಿತು. ಸಿಲಿಂಡರ್ ಮುಗಿಯುವುದು ಯಾವಾಗಲೂ ನಡುರಾತ್ರಿ. ಒಂದರಿಂದ ಇನ್ನೊಂದಕ್ಕೆ ತಾನೇ ಬದಲಾಗುವ ರೆಗ್ಯುಲೇಟರ್ ಹಾಕಿಸಿ. ಅದಕ್ಕೆ ಕೊಟ್ಟ ದುಡ್ಡು ಎಂದೂ ದಂಡವಾಗದು. ಗ್ಯಾಸ್ ಅಲಾರಂ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಎರಡೂ ಇರಲೇಬೇಕು.

ಬಾಯ್ಲರ್ ಹತ್ತಿರ ಒಂದು ಸಣ್ಣ ವಾಲ್ವ್ ಇರುತ್ತದೆ. ಉಷ್ಣಾಂಶ ಸುಮಾರು 3 ಡಿಗ್ರಿಗೆ ಇಳಿದರೆ ತಾನಾಗಿ ತೆರೆದು ನೀರನ್ನೆಲ್ಲ ಹೊರಗೆ ಬಿಡುತ್ತದೆ. ಬಾಯ್ಲರ್ ಹೆಪ್ಪುಗಟ್ಟಿ ಸೀಳಬಾರದು ಅಂತ. ಗಂಡ ಟ್ರೈನಿಂಗ್‌ಗೆ ಹೋಗಿದ್ದ ವಾರ, ನಾನು ಫ್ರಾಂಕ್‌ಫರ್ಟ್‌ನ ಗೆಳತಿಯ ಮನೆಗೆ ಹೋಗಿ ಎರಡು ದಿನ ಬಿಟ್ಟು ಬಂದೆ. ಹೀಟರ್ ಆಫ್ ಆಗಿತ್ತು. ಗಾಡಿಯ ಕೆಳಗೆ ಮಂಜುಗಡ್ಡೆಯ ಹಾಳೆ. ನಲ್ಲಿ ತಿರುಗಿಸಿದರೆ ಗಾಳಿ ಮಾತ್ರ. ಪಾತ್ರೆ ತೊಳೆಯಲು ಕ್ಯಾಂಪ್‌ಸೈಟ್‌ನ ಸ್ನಾನದ ಮನೆಯಿಂದ ಬಕೆಟ್‌ನಲ್ಲಿ ನೀರು ಹೊತ್ತೆ. ಅವತ್ತು ನನಗೆ ಸ್ಪಷ್ಟವಾಯಿತು: ಡ್ಯೂಟಿ ಮೇಲೆ ಪದೇ ಪದೇ ಹೊರಗೆ ಹೋಗುವ ಸೈನಿಕನ ಗಾಡಿಯನ್ನು ಚಳಿಗಾಲದಲ್ಲಿ ನೋಡಿಕೊಳ್ಳಲು ಒಬ್ಬರು ಇರಲೇಬೇಕು.

ಇನ್ನು ಹಬೆ. ನಮ್ಮ ಅಡುಗೆ ಅಂದರೆ ಕುದಿಯುವುದೇ. ಅನ್ನ ಬೇಯಬೇಕು, ಸಾರು ಮರಳಬೇಕು, ಕುಕ್ಕರ್ ನಾಲ್ಕು ಸೀಟಿ ಹೊಡೆಯಬೇಕು. ಬ್ರೆಡ್ ತಿನ್ನುವ ಪಕ್ಕದ ಜರ್ಮನ್ ದಂಪತಿಯ ಕಿಟಕಿ ಒಣಗಿರುತ್ತಿತ್ತು. ನಮ್ಮದು ರಾತ್ರಿಯೆಲ್ಲ ಅಳುತ್ತಿತ್ತು. ಬೆಳಗ್ಗೆ ಎದ್ದು ಹಳೆ ಟವೆಲ್‌ನಲ್ಲಿ ಕಿಟಕಿ ಒರೆಸಿ ಹಿಂಡಿದರೆ ಅರ್ಧ ಲೋಟ ನೀರು. ಹಾಸಿಗೆ ಕೆಳಗೆ ಗಾಳಿ ಆಡದಿದ್ದರೆ ಮೂರೇ ವಾರದಲ್ಲಿ ಕಪ್ಪು ಬೂಷ್ಟು. ಹಾಸಿಗೆ ಕೆಳಗೆ ಪಟ್ಟಿ ಹಾಕಿ ಎತ್ತರಿಸಿ. ಅಡುಗೆ ಮಾಡುವಾಗ ಎಷ್ಟೇ ಚಳಿ ಇರಲಿ ಮೇಲಿನ ಕಿಂಡಿ ತೆರೆಯಿರಿ. ಒಗ್ಗರಣೆ ಹೊರಗೆ, ಟೆಂಟ್ ಕೆಳಗೆ. ಯೂನಿಫಾರ್ಮ್‌ಗೆ ಇಂಗಿನ ವಾಸನೆ ಹತ್ತಿದರೆ ಒಗೆದರೂ ಹೋಗುವುದಿಲ್ಲ.

ಹೇಳಲೇಬೇಕು, ಸಿಕ್ಕಿದ್ದೂ ಬಹಳ. ಶುಕ್ರವಾರ ಸಂಜೆ ಪ್ಯಾಕಿಂಗ್ ಅಂತ ಇಲ್ಲ. ಕೇಬಲ್ ಬಿಚ್ಚಿ ಸುತ್ತಿಟ್ಟರೆ ಹೊರಟೆವು. ಮೋಸೆಲ್ ನದಿ ದಂಡೆ, ಆಲ್ಸಾಸ್‌ನ ಹಳ್ಳಿಗಳು, ಬ್ಲ್ಯಾಕ್ ಫಾರೆಸ್ಟ್, ಎಲ್ಲ ಎರಡು ಮೂರು ಗಂಟೆ. ಎದ್ದ ಕಡೆ ನಮ್ಮದೇ ಕಾಫಿ, ನಮ್ಮದೇ ಉಪ್ಪಿಟ್ಟು. ಆ ಬೇಸಿಗೆಯನ್ನು ನಾನು ಯಾವ ಮನೆಗೂ ಬದಲಿಗೆ ಕೊಡುವುದಿಲ್ಲ.

ಕ್ಯಾಂಪ್‌ಸೈಟ್‌ನಲ್ಲಿ ಕಾಯಂ ಕ್ಯಾರವಾನ್

ಕೆಲವರು ಕಾರಿಗೆ ಕಟ್ಟಿ ಎಳೆಯುವ ಕ್ಯಾರವಾನ್ ಕೊಂಡು, ವರ್ಷದ ಬಾಡಿಗೆಗೆ ಒಂದೇ ಜಾಗದಲ್ಲಿ ನಿಲ್ಲಿಸುತ್ತಾರೆ. ಅಗ್ಗ, ನಿಜ. ಆದರೆ ಚಳಿ ಅದೇ, ಹಬೆ ಅದೇ, ತಿರುಗಾಟ ಇಲ್ಲ. ಕಾರಿನಿಂದ ಬಿಚ್ಚಿದ ಕ್ಯಾರವಾನನ್ನು ರಸ್ತೆಯಲ್ಲಿ ಎರಡು ವಾರಕ್ಕಿಂತ ಜಾಸ್ತಿ ನಿಲ್ಲಿಸುವಂತಿಲ್ಲ. ವಾಸಕ್ಕೆ ನಾನು ಇದನ್ನು ಒಪ್ಪುವುದಿಲ್ಲ.

ಬಾಡಿಗೆ ಮನೆ ಮತ್ತು ಸಣ್ಣ ವ್ಯಾನ್

ನಾವು ಕೊನೆಗೆ ಬಂದು ನಿಂತದ್ದು ಇಲ್ಲಿ. ಮನೆ ಬಾಡಿಗೆಯನ್ನು ಒಎಚ್‌ಎ ನೋಡಿಕೊಳ್ಳುತ್ತದೆ. ನಿಮ್ಮ ದುಡ್ಡಿನಲ್ಲಿ ಆರು ಮೀಟರ್ ಒಳಗಿನ ಒಂದು ಹಳೆ ಕ್ಯಾಂಪರ್ ವ್ಯಾನ್. ಅದೇ ನಿಮ್ಮ ಎರಡನೇ ಕಾರೂ ಆಗುತ್ತದೆ, ಸಾಮಾನ್ಯ ಪಾರ್ಕಿಂಗ್‌ನಲ್ಲಿ ಹೇಗೋ ಕೂರುತ್ತದೆ. ಚಳಿಗಾಲಕ್ಕೆ ನೀರು ಖಾಲಿ ಮಾಡಿ ಅಂಗಳದಲ್ಲಿ ನಿಲ್ಲಿಸಿ ಮರೆತುಬಿಡಬಹುದು. ತೊಂದರೆ ಎಂದರೆ ವ್ಯಾನ್ ವಿಮೆ, ನಿರ್ವಹಣೆ ಪೂರ್ತಿ ನಿಮ್ಮ ಕೈಯಿಂದ. ವರ್ಷದಲ್ಲಿ ಇಪ್ಪತ್ತು ರಾತ್ರಿಯೂ ಅದರಲ್ಲಿ ಮಲಗುವುದಿಲ್ಲ ಅನ್ನಿಸಿದರೆ ಕೊಳ್ಳಬೇಡಿ, ಬೇಕಾದಾಗ ಬಾಡಿಗೆಗೆ ತಗೊಳ್ಳಿ.

ಯಾರಿಗೆ ಯಾವುದು?

ಒಬ್ಬರೇ ಇದ್ದೀರಿ, ಹೊರಗಿರಲು ಅನುಮತಿ ಇದೆ, ಡ್ಯೂಟಿ ಒಂದೇ ಕಡೆ, ಕೈಯಲ್ಲಿ 35-40 ಸಾವಿರ ಯೂರೋ ಇದೆ, ಅಥವಾ ಅಷ್ಟು ಸಾಲ ತೀರಿಸುವ ಶಕ್ತಿ ಇದೆ ಅಂದರೆ ಮೋಟರ್‌ಹೋಮ್ ಧಾರಾಳವಾಗಿ ಯೋಚಿಸಿ. ಆದರೆ ದುಡ್ಡು ಉಳಿಸಲು ಅಂತ ಬೇಡ, ತಿರುಗಲು ಅಂತ. ಒಂಟಿಯಾಗಿ ಬಂದವರ ಅವಧಿ ಸಾಮಾನ್ಯವಾಗಿ 24 ತಿಂಗಳು. ಎರಡೇ ಚಳಿಗಾಲ.

ಗಂಡ ಹೆಂಡತಿ ಇಬ್ಬರೇ ಇದ್ದರೆ, ದಿನವೆಲ್ಲ ಗಾಡಿಯಲ್ಲಿರುವವರು ಯಾರೋ ಅವರ ಮಾತೇ ಕೊನೆಯ ಮಾತಾಗಲಿ. ಡ್ಯೂಟಿಗೆ ಹೋಗುವವರ ಉತ್ಸಾಹ ಕೇಳಿ ತೀರ್ಮಾನ ಮಾಡಬೇಡಿ. ಮನೆಯಲ್ಲಿರುವವರಿಗೆ ಬೇಸ್‌ನಲ್ಲೋ ಹೊರಗೋ ಕೆಲಸ ಇದ್ದರೆ ಕಷ್ಟ ಅರ್ಧ ಕಡಿಮೆ.

ಶಾಲೆಗೆ ಹೋಗುವ ಮಕ್ಕಳಿದ್ದರೆ ನನ್ನ ಸಲಹೆ ಖಡಾಖಂಡಿತ: ಮನೆ. ಸೇನೆಯ ಶಾಲೆಗಳ ಬಸ್ಸು ನೀವಿರುವ ಊರಿನ ಲೆಕ್ಕದಲ್ಲಿ ಬರುತ್ತದೆ. ಕಾಡಿನಂಚಿನ ಕ್ಯಾಂಪ್‌ಸೈಟ್‌ಗೆ ಬಸ್ಸು ಬರುತ್ತದೆ ಅಂತ ನಂಬಿ ಕೂರಬೇಡಿ. ಮಕ್ಕಳಿಗೆ ಹೋಂವರ್ಕ್ ಮಾಡಲು ಒಂದು ಮೇಜು, ಮುನಿಸಿಕೊಂಡಾಗ ಹಾಕಿಕೊಳ್ಳಲು ಒಂದು ಬಾಗಿಲು ಬೇಕು.

ಸಾಲ ತೀರಿಸುವುದೇ ಗುರಿಯಾದವರು ಒಎಚ್‌ಎ ಮಿತಿಯೊಳಗಿನ ಬಾಡಿಗೆ ಮನೆ ಹಿಡಿಯಿರಿ, ಇಲ್ಲವೇ ಕ್ವಾರ್ಟರ್ಸ್ ತಗೊಳ್ಳಿ. ನಮ್ಮ ಮೋಟರ್‌ಹೋಮ್ ತಿಂಗಳುಗಳಲ್ಲಿ ಜಾಗದ ಬಾಡಿಗೆ, ಗ್ಯಾಸ್, ಕರೆಂಟ್, ವಿಮೆ ಸೇರಿ ಚಳಿಗಾಲದಲ್ಲಿ 750 ಯೂರೋ ದಾಟುತ್ತಿತ್ತು, ಗಾಡಿಗೆ ಹಾಕಿದ ದುಡ್ಡು ಬಿಟ್ಟು.

ಇನ್ನೂ ಮನಸ್ಸು ಎರಡಾಗಿದ್ದರೆ ಒಂದು ದಾರಿ ಇದೆ. ಜರ್ಮನಿಗೆ ಬಂದಿಳಿದ ಮೇಲೆ ಮನೆ ಹುಡುಕುವವರೆಗೆ ಸಾಮಾನ್ಯವಾಗಿ 60 ದಿನದವರೆಗೆ ತಾತ್ಕಾಲಿಕ ವಸತಿ ಭತ್ಯೆ, ಟಿಎಲ್‌ಎ, ಸಿಗುತ್ತದೆ. ನೀವು ನಿಜವಾಗಿ ಮನೆ ಹುಡುಕುತ್ತಿದ್ದೀರಿ ಅಂತ ಆಗಾಗ ತೋರಿಸಬೇಕು. ಆ ದಿನಗಳಲ್ಲಿ ಮನೆ ನೋಡುತ್ತಲೇ, ಒಂದು ವಾರಾಂತ್ಯ ಮೋಟರ್‌ಹೋಮ್ ಬಾಡಿಗೆಗೆ ತಗೊಂಡು ನೀವು ಯೋಚಿಸಿರುವ ಕ್ಯಾಂಪ್‌ಸೈಟ್‌ನಲ್ಲೇ ಇದ್ದು ನೋಡಿ. ಅಲ್ಲಿಂದ ಸೋಮವಾರ ಬೆಳಗ್ಗೆ ಐದೂವರೆಗೆ ಎದ್ದು, ಕ್ಯಾಂಪ್‌ಸೈಟ್ ಸ್ನಾನದ ಮನೆಗೆ ನಡೆದು, ಯೂನಿಫಾರ್ಮ್ ಹಾಕಿ, ಬೇಸ್ ಗೇಟಿನವರೆಗೆ ಹೋಗಿ. ಮಳೆ ಬರುತ್ತಿದ್ದರೆ ಇನ್ನೂ ಒಳ್ಳೆಯದು.

ಓಕಿನಾವಾ, ಕೊರಿಯಾಕ್ಕೆ ಹೋಗುವವರೂ ಕೇಳುತ್ತೀರಿ. ಅಲ್ಲಿ ಈ ಯೋಚನೆ ಕೈಬಿಡಿ. ಓಕಿನಾವಾದ ಟೈಫೂನ್ ಗಾಳಿಗೆ ಮೋಟರ್‌ಹೋಮ್‌ನಲ್ಲಿ ಕೂರುವುದು ಜೀವಕ್ಕೇ ಅಪಾಯ.

ಮಾರುವಾಗ

ಯುರೋಪಿನ ಮೋಟರ್‌ಹೋಮ್ ಅಮೆರಿಕಕ್ಕೆ ಒಯ್ಯುವ ಕನಸು ಬೇಡ. ಅಮೆರಿಕದ ಸುರಕ್ಷತಾ ನಿಯಮಕ್ಕೆ ತಕ್ಕಂತೆ ಕಟ್ಟದ ಗಾಡಿಗೆ 25 ವರ್ಷ ತುಂಬುವವರೆಗೆ ಅಲ್ಲಿ ಪ್ರವೇಶವಿಲ್ಲ. ಜರ್ಮನಿಯಲ್ಲೇ ಮಾರಬೇಕು. ತೆರಿಗೆ ಇಲ್ಲದೆ ಕೊಂಡ ಗಾಡಿಯನ್ನು ಜರ್ಮನ್ನರಿಗೆ ಮಾರುವುದಾದರೆ ಕಸ್ಟಮ್ಸ್‌ನಲ್ಲಿ ಬಾಕಿ ಕಟ್ಟಿ ಕಾಗದ ಮಾಡಿಸಬೇಕು. ಇನ್ನೊಬ್ಬ ಸೈನಿಕನಿಗೆ ಮಾರಿದರೆ ಆ ತಾಪತ್ರಯ ಇಲ್ಲ, ಆದರೆ ಕೊಳ್ಳುವವರು ಕಡಿಮೆ. ನಾವು ಖಾಸಗಿ ಜರ್ಮನ್ ಒಬ್ಬರಿಂದ ತೆರಿಗೆ ಸೇರಿದ ಬೆಲೆಗೇ ಕೊಂಡಿದ್ದೆವು. ಹಾಗಾಗಿ ಮಾರುವುದು ಸುಲಭವಾಯಿತು, 31,000 ವಾಪಸ್ ಬಂತು. ಮಾರ್ಚ್, ಏಪ್ರಿಲ್‌ನಲ್ಲಿ ಮಾರಾಟಕ್ಕಿಡಿ. ಬಿಸಿಲು ಬಂದ ಮೊದಲ ವಾರವೇ ಜನ ಗಾಡಿ ಹುಡುಕಲು ಶುರು ಮಾಡುತ್ತಾರೆ. ವಾಪಸ್ ಹೋಗುವ ಆರ್ಡರ್ ಚಳಿಗಾಲಕ್ಕೆ ಬರುವ ಹಾಗಿದ್ದರೆ ಅದರ ಹಿಂದಿನ ವಸಂತದಲ್ಲೇ ಮಾರಿಬಿಡಿ, ಕೊನೆಯ ತಿಂಗಳುಗಳಿಗೆ ಬಾಡಿಗೆ ಮನೆ ನೋಡಿಕೊಳ್ಳಿ.